ಹಳ್ಳದಲ್ಲಿ ಬಿದ್ದ ಬೆಂಡೋಲೆ: ಲೋಹವನ್ನು ಹುಡುಕುವದರ ವಿಷಯವಾದ ಪಾಠ



ಕಳೆದ ಫೆಬ್ರವರಿ ತಿಂಗಳಲ್ಲಿ, ತೊಗರಿಯ ರಾಶಿಗಳೆಲ್ಲಾ ಮುಗಿದು ಹೊಲಗಳು ಬರಿದಾಗಿದ್ದ ಕಾಲದಲ್ಲಿ, ಮಹಾಗಾಂವದ ಸೀಮೆಯಲ್ಲಿ ನಡೆದ ಒಂದು ಸಂಗತಿಯನ್ನು ಈ ತಿಂಗಳ ಪಾಠಕ್ಕೆ ಆಧಾರವಾಗಿ ತೆಗೆದುಕೊಂಡಿದ್ದೇವೆ. ಸಂಗತಿಯು ಸಣ್ಣದಾದರೂ ಅದರಿಂದ ನಾವು ಕಲಿತದ್ದು ಸಣ್ಣದಲ್ಲ. ಅದರಲ್ಲಿ ಒಂದು ಭಾಗವು ಸಂತೋಷಕರವಾದದ್ದು. ಇನ್ನೊಂದು ಭಾಗವು ನಮಗೆ ನಾಚಿಕೆಯನ್ನುಂಟುಮಾಡುವಂಥಾದ್ದು. ಎರಡನ್ನೂ ಮರೆಮಾಡದೆ ಹೇಳುವೆವು.

ನಮ್ಮ ಸಭೆಯ ಒಬ್ಬ ವಿಧವೆಯು ಹಳ್ಳದಲ್ಲಿ ಬಟ್ಟೆ ಒಗೆಯುತ್ತಿರುವಾಗ ಆಕೆಯ ಕಿವಿಯ ಬಂಗಾರದ ಬೆಂಡೋಲೆಯು ತಿರುಪು ಸಡಿಲಾಗಿ ನೀರಿಗೆ ಬಿತ್ತು. ಅದು ಆಕೆಗೆ ತಾಯಿಯಿಂದ ಬಂದದ್ದು. ಮಗಳ ಲಗ್ನದಲ್ಲಿ ಮಗಳಿಗೆ ಕೊಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡದ್ದು. ಎರಡು ದಿನಗಳ ವರೆಗೆ ಆಕೆಯೂ ನೆರೆಹೊರೆಯ ಹೆಂಗಸರೂ ಮೊಣಕಾಲುದ್ದದ ನೀರಿನಲ್ಲಿ ಕೈಯಾಡಿಸಿ, ಉಸುಬನ್ನು ಮೊರದಲ್ಲಿ ಎತ್ತಿ ಕೇರಿ ನೋಡಿದರು, ಸಿಕ್ಕಲಿಲ್ಲ. ಮೂರನೆಯ ದಿನ, ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಆಕೆಯ ತಮ್ಮನ ಮಗನು ಲೋಹಶೋಧಕ ಯಂತ್ರವೊಂದನ್ನು ಎರವಾಗಿ ತಂದನು. ನಾವೂ ಸಹಾಯಕ್ಕೆಂದು ಹೋದೆವು. ಆ ಒಂದು ದಿನದ ಕೆಲಸವೇ ಈ ಪಾಠದ ವಿಷಯ.

1. ಯಂತ್ರವು ಮಾಡುವ ಕೆಲಸವೇನು?

ಈ ಯಂತ್ರವನ್ನು ನೋಡದವರಿಗಾಗಿ ಅದರ ರೂಪವನ್ನು ಮೊದಲು ತಿಳಿಸುವೆವು. ಎದೆಮಟ್ಟದ ಒಂದು ಕೋಲು. ಕೋಲಿನ ಕೆಳತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲವಾದ ಒಂದು ಚಕ್ರ. ಮೇಲ್ತುದಿಯಲ್ಲಿ ಒಂದು ಚಿಕ್ಕ ಪೆಟ್ಟಿಗೆ. ಚಕ್ರದ ಒಳಗೆ ತಾಮ್ರದ ತಂತಿಯನ್ನು ಸುತ್ತಿರುತ್ತದೆ. ಆ ತಂತಿಯಲ್ಲಿ ವಿದ್ಯುತ್ತು ಒಂದು ಕ್ಷಣದಲ್ಲಿ ಸಾವಿರಾರು ಸಲ ಹಿಂದಕ್ಕೂ ಮುಂದಕ್ಕೂ ಹರಿಯುವದರಿಂದ ಚಕ್ರದ ಸುತ್ತಲೂ ಕಣ್ಣಿಗೆ ಕಾಣದ ಒಂದು ಕಾಂತಶಕ್ತಿಯು ಹಬ್ಬಿರುತ್ತದೆ. ಆ ಶಕ್ತಿಯ ಎಲ್ಲೆಯೊಳಗೆ ಲೋಹದ ತುಂಡೊಂದು ಬಂದರೆ, ಆ ತುಂಡಿನೊಳಗೆ ನೀರಿನ ಸುಳಿಯಂತೆ ವಿದ್ಯುತ್ತಿನ ಸಣ್ಣ ಸುಳಿಗಳು ಏಳುವವು. ಆ ಸುಳಿಗಳು ತಮ್ಮದೇ ಆದ ಕಾಂತಶಕ್ತಿಯನ್ನು ಹುಟ್ಟಿಸಿ ಚಕ್ರಕ್ಕೆ ಉತ್ತರ ಕೊಡುವವು. ಆ ಉತ್ತರವನ್ನು ಪೆಟ್ಟಿಗೆಯು ಸದ್ದಾಗಿ ಮಾರ್ಪಡಿಸಿ ನಮ್ಮ ಕಿವಿಗೆ ಮುಟ್ಟಿಸುವದು.

ಇದು ಸೂಜಿಗಲ್ಲಿನ ಕೆಲಸವಲ್ಲವೆಂಬದನ್ನು ಗಮನಿಸತಕ್ಕದ್ದು. ಯಾತ್ರಿಕರು ನೀರಿಗೆ ಕಾಸು ಹಾಕುವ ನದಿಯ ಘಟ್ಟಗಳಲ್ಲಿ ಹುಡುಗರು ಸೂಜಿಗಲ್ಲನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಎಸೆದು ನಾಣ್ಯಗಳನ್ನು ಎಳೆಯುವದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಅವರಿಗೆ ಸಿಕ್ಕುವವು ತುಕ್ಕು ಹಿಡಿಯದ ಉಕ್ಕಿನಿಂದ ಟಂಕಿಸಿದ ಇತ್ತೀಚಿನ ನಾಣ್ಯಗಳು ಮಾತ್ರ. ತಾಮ್ರವೂ ಬೆಳ್ಳಿಯೂ ಬಂಗಾರವೂ ಸೂಜಿಗಲ್ಲಿಗೆ ಅಂಟುವವಲ್ಲ. ಆದಕಾರಣ ವಿಧವೆಯ ಬೆಂಡೋಲೆಯನ್ನು ಸೂಜಿಗಲ್ಲಿನಿಂದ ಹುಡುಕುವದು ವ್ಯರ್ಥವಾಗುತ್ತಿತ್ತು.

ಆದರೆ ಯಂತ್ರಕ್ಕೂ ಒಂದು ದೊಡ್ಡ ಕೊರತೆಯುಂಟು. ಲೋಹವಿದೆಯೆಂದು ಅದು ಹೇಳುವದೇ ಹೊರತು, ಇದು ಬಂಗಾರ, ಇದು ಕಸ ಎಂದು ನಿಶ್ಚಯವಾಗಿ ಹೇಳಲಾರದು. ಸಣ್ಣ ಉಂಗುರದ ಸದ್ದೂ ಬೆಳ್ಳಗಿನ ಅಲ್ಯುಮಿನಿಯಮ್ ಹಾಳೆಯ ಚೂರಿನ ಸದ್ದೂ ಬಹುಮಟ್ಟಿಗೆ ಒಂದೇ. ಮತ್ತು ಅದರ ದೃಷ್ಟಿಯು ಆಳಕ್ಕೆ ಹೋಗುವದಿಲ್ಲ; ಒಂದು ಕಾಸಿನಷ್ಟು ಸಣ್ಣ ವಸ್ತುವನ್ನು ಸಾಮಾನ್ಯ ಯಂತ್ರವು ಸುಮಾರು ಒಂದು ಗೇಣಿನ ಆಳದ ವರೆಗೆ ಮಾತ್ರ ಕಂಡುಕೊಳ್ಳುವದು. ಇಪ್ಪತ್ತು ಅಡಿಯ ಕೆಳಗಿರುವ ಕೊಪ್ಪರಿಗೆಯ ಬಂಗಾರವನ್ನು ತೋರಿಸುವೆವೆಂದು ಯಾರಾದರೂ ಯಂತ್ರವನ್ನು ಹೊತ್ತುಕೊಂಡು ನಿಮ್ಮ ಊರಿಗೆ ಬಂದರೆ, ಅವರು ನಿಮ್ಮ ಕಿಸೆಯಲ್ಲಿರುವ ಲೋಹವನ್ನೇ ಹುಡುಕುತ್ತಿದ್ದಾರೆಂದು ತಿಳಿಯಿರಿ.

ಈ ಯಂತ್ರದ ಚರಿತ್ರೆಯಲ್ಲಿ ನಮ್ಮ ಪಾಠಕ್ಕೆ ಉಪಯೋಗವಾಗುವ ಒಂದು ಕಥೆಯುಂಟು. 1881ನೆಯ ಇಸವಿಯ ಜುಲೈ 2ರಂದು ಅಮೇರಿಕದ ಅಧ್ಯಕ್ಷನಾದ ಗಾರ್ಫೀಲ್ಡನನ್ನು ಒಬ್ಬನು ಗುಂಡು ಹೊಡೆದು ಗಾಯಪಡಿಸಿದನು. ಗುಂಡು ಶರೀರದೊಳಗೆ ಎಲ್ಲಿ ನಿಂತಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ದೂರವಾಣಿಯನ್ನು ನಿರ್ಮಿಸಿ ಹೆಸರುಗೊಂಡ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ತಂತಿಯ ಸುರುಳಿಗಳಿಂದ ಒಂದು ಉಪಕರಣವನ್ನು ಮಾಡಿ ರೋಗಿಯ ಬಳಿಗೆ ತಂದನು. ಆದರೆ ಹಾಸಿಗೆಯ ಕೆಳಗಣ ಉಕ್ಕಿನ ಸುರುಳಿಗಳು ಉಪಕರಣವನ್ನು ಮೋಸಗೊಳಿಸಿದವೆಂದು ಹೇಳಲಾಗಿದೆ. ಅದಲ್ಲದೆ ಗುಂಡು ಬಲಗಡೆಯಲ್ಲಿ ಇದೆಯೆಂದು ಮುಖ್ಯ ವೈದ್ಯನು ಮೊದಲೇ ನಿಶ್ಚಯಿಸಿಕೊಂಡಿದ್ದರಿಂದ ಆ ಕಡೆಯನ್ನೇ ಪರೀಕ್ಷಿಸಲು ಒಪ್ಪಿದನು, ಗುಂಡಾದರೋ ಎಡಗಡೆಯಲ್ಲಿತ್ತು. ಅಧ್ಯಕ್ಷನು ಸೆಪ್ಟೆಂಬರ್ 19ರಂದು ತೀರಿಹೋದನು. ಉಪಕರಣವು ಎಷ್ಟು ಚತುರವಾಗಿದ್ದರೂ, ನಾವು ಮೊದಲೇ ನಿಶ್ಚಯಿಸಿಕೊಂಡ ಕಡೆಯಲ್ಲಿ ಮಾತ್ರ ಹುಡುಕಿದರೆ ಅದು ನಿಷ್ಫಲವೆಂಬದನ್ನು ಈ ಕಥೆಯಿಂದ ನೆನಪಿನಲ್ಲಿಡಿರಿ.

ಮುಂದೆ 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಎಂಬವನು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿಯಾದ ಯೂಸೆಫ್ ಕೊಸಾಟ್‌ಸ್ಕಿಯು ನೆಲದಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು ಕಂಡುಹಿಡಿಯುವ ಯಂತ್ರವನ್ನು ರೂಪಿಸಿದನು. 1942ರಲ್ಲಿ ಐಗುಪ್ತದ ಎಲ್ ಅಲಮೈನ್ ಮರಳುಗಾಡಿನಲ್ಲಿ ಅವು ಸಾವಿರಾರು ಸಿಪಾಯಿಗಳ ಪ್ರಾಣವನ್ನು ಉಳಿಸಿದವು. ಹೀಗೆ ಒಂದೇ ಯಂತ್ರವು ಪ್ರಾಣವನ್ನು ಉಳಿಸುವದಕ್ಕೂ, ಕಳೆದದ್ದನ್ನು ಕಂಡುಕೊಳ್ಳುವದಕ್ಕೂ, ಕದಿಯುವದಕ್ಕೂ ಉಪಯೋಗವಾಗುವದು. ಭೇದವು ಯಂತ್ರದಲ್ಲಿಲ್ಲ, ಹಿಡಿದ ಕೈಯಲ್ಲಿದೆ.

2. ಹಳ್ಳದಲ್ಲಿ ಕಳೆದ ಹಗಲು

ಬೆಳಿಗ್ಗೆ ಏಳು ಗಂಟೆಗೆ ನಾವು ಹಳ್ಳಕ್ಕೆ ಇಳಿದಾಗ ಊರಿನ ಅರ್ಧದಷ್ಟು ಮಕ್ಕಳು ದಂಡೆಯ ಮೇಲೆ ಕೂತಿದ್ದರು. ಆ ಯೌವನಸ್ಥನು ವಿಧವೆಯನ್ನು ಕುರಿತು, "ಅತ್ತೇ, ನೀವು ಬಟ್ಟೆ ಒಗೆದ ಕಲ್ಲು ಯಾವದು? ಕಿವಿ ಬರಿದಾದದ್ದು ನಿಮಗೆ ತಿಳಿದದ್ದು ಎಲ್ಲಿ?" ಎಂದು ಕೇಳಿದನು. ಆಕೆಯು ಕಲ್ಲನ್ನು ತೋರಿಸಿದಳು. ಅವನು ಆ ಕಲ್ಲಿನ ಸುತ್ತಲೇ ಮೊದಲು ಹುಡುಕೋಣವೆಂದನು. ಆದರೆ ಅಲ್ಲಿದ್ದ ಹಿರಿಯರೊಬ್ಬರು, "ತಮ್ಮಾ, ಹರಿಯುವ ನೀರು ಒಂದೇ ಕಡೆ ಬಿಡುವದೋ? ಮೂರು ದಿನಗಳಲ್ಲಿ ಅದು ಕೆಳಗಣ ಮಡುವಿಗೆ ಸೇರಿರಬೇಕು" ಎಂದರು. ನಾವೂ ಅವರ ಮಾತೇ ಸರಿಯೆಂದೆವು. ದೊಡ್ಡವರ ಮಾತನ್ನು ಮೀರಬಾರದೆಂದು ಅವನು ಸುಮ್ಮನಾದನು.

ನಾಲ್ಕು ಗೂಟಗಳನ್ನು ನೆಟ್ಟು, ಹಗ್ಗವನ್ನು ಎಳೆದು, ನೀರನ್ನು ಮೊಳದಗಲದ ಸಾಲುಗಳಾಗಿ ವಿಂಗಡಿಸಿದೆವು. ಅವನು ಚಕ್ರವನ್ನು ತಳಕ್ಕೆ ತಾಗುವ ಹಾಗೆ ಬಲಕ್ಕೂ ಎಡಕ್ಕೂ ಮೆಲ್ಲಗೆ ತೂಗುತ್ತಾ, ರೈತನು ಗಳೆ ಹೊಡೆಯುವಂತೆ ಒಂದು ಸಾಲನ್ನು ಮುಗಿಸಿ ಇನ್ನೊಂದು ಸಾಲಿಗೆ ತಿರುಗುವನು. ಸದ್ದಾದಲ್ಲಿ ನಾವು ಉಸುಬನ್ನು ಬುಟ್ಟಿಯಲ್ಲಿ ಎತ್ತಿ ಜರಡಿಯಲ್ಲಿ ತೊಳೆಯುವೆವು. ಮಧ್ಯಾಹ್ನದ ವರೆಗೆ ಸಿಕ್ಕಿದ್ದೇನಂದರೆ: ಎತ್ತಿನ ಲಾಳಗಳು ಮೂರು, ಹಿಡಿ ಇಲ್ಲದ ಒಂದು ಕುರುಪಿ, ಬಾಗಿದ ಮೊಳೆಗಳು, ಶೀಶೆಗಳ ಮುಚ್ಚಳಗಳು ಎರಡು ಬೊಗಸೆ, ಒಂದು ಬೀಗ, ಒಂದು ರೂಪಾಯಿಯ ನಾಣ್ಯಗಳು ನಾಲ್ಕು. ಅನೇಕ ಸಾರಿ ಸದ್ದಾದಲ್ಲಿ ಕರೀ ಉಸುಬಿನ ಹೊರತು ಏನೂ ಸಿಕ್ಕಲಿಲ್ಲ. ನಮ್ಮ ಸೀಮೆಯ ಕರಿಕಲ್ಲು ಸವೆದು ಪುಡಿಯಾದಾಗ ಅದರಲ್ಲಿರುವ ಕಬ್ಬಿಣದ ಅಂಶವು ಕರೀ ಕಣಗಳಾಗಿ ಹಳ್ಳದ ತಳದಲ್ಲಿ ಸೇರುವದು. ಅದೇ ಯಂತ್ರವನ್ನು ಮೋಸಗೊಳಿಸುತ್ತದೆಂದು ಅವನು ತಿಳಿಸಿದನು.

ಬುತ್ತಿಯನ್ನು ಬಿಚ್ಚಿ ರೊಟ್ಟಿ ತಿನ್ನುವಾಗ ಅವನು ಹೀಗೆ ಹೇಳಿದನು: ಬಂಗಾರವು ಅದೇ ಅಳತೆಯ ನೀರಿಗಿಂತ ಸುಮಾರು 19 ಪಟ್ಟು ಭಾರವಾದದ್ದು, ಉಸುಬಿನ ಕಲ್ಲಾದರೋ ಎರಡೂವರೆ ಪಟ್ಟಿಗೆ ಸ್ವಲ್ಪ ಹೆಚ್ಚು ಮಾತ್ರ. ಬೇಸಿಗೆಯ ಮೆಲ್ಲಗಿನ ನೀರು ಉಸುಬನ್ನು ಸಾಗಿಸೀತು, ಬಂಗಾರವನ್ನು ಸಾಗಿಸಲಾರದು. ಉಸುಬು ಅಲುಗಿದಷ್ಟೂ ಬಂಗಾರವು ಅದರ ಸಂದಿನಲ್ಲಿ ಕೆಳಗೆ ಕೆಳಗೆ ಇಳಿಯುವದು. ಹೆಂಗಸರು ಎರಡು ದಿನ ಕೈಯಾಡಿಸಿದ್ದರಿಂದ ಅದು ಇನ್ನಷ್ಟು ಆಳಕ್ಕೆ ಇಳಿದಿರಬೇಕು. ಈ ಮಾತನ್ನು ಬೆಳಿಗ್ಗೆಯೇ ಕೇಳದೆಹೋದದ್ದು ನಮ್ಮ ಮೊದಲನೆಯ ತಪ್ಪು. ಗಾರ್ಫೀಲ್ಡನ ವೈದ್ಯನಂತೆ ನಾವೂ ನಮ್ಮ ನಿಶ್ಚಯದ ಕಡೆಯಲ್ಲೇ ಅರ್ಧ ಹಗಲನ್ನು ಕಳೆದೆವು.

ಮಧ್ಯಾಹ್ನದ ಮೇಲೆ ಒಗೆಯುವ ಕಲ್ಲಿನ ಬುಡಕ್ಕೆ ಬಂದೆವು. ಎರಡನೆಯ ಸಾಲಿನಲ್ಲಿಯೇ ಒಂದು ಸಣ್ಣ, ಸ್ಪಷ್ಟವಾದ ಸದ್ದು ಕೇಳಿಸಿತು. ಒಂದು ಗೇಣಿಗೆ ಸ್ವಲ್ಪ ಕಡಿಮೆ ಆಳದಲ್ಲಿ, ಎರಡು ಕಲ್ಲುಗಳ ಸಂದಿನಲ್ಲಿ, ಬೆಂಡೋಲೆಯು ಸಿಕ್ಕಿತು. ಬಿದ್ದಲ್ಲಿಂದ ಅದು ಒಂದು ಮೊಳವೂ ಸರಿದಿರಲಿಲ್ಲ. ವಿಧವೆಯು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳಕೊಂಡು, ದೀಪ ಹಚ್ಚಿ, ಮನೆ ಗುಡಿಸಿ, ಸಿಕ್ಕುವ ತನಕ ಜಾಗ್ರತೆಯಿಂದ ಹುಡುಕಿದ ಹೆಂಗಸಿನ ಸಾಮ್ಯವು ಅಲ್ಲಿದ್ದವರಿಗೆಲ್ಲಾ ನೆನಪಿಗೆ ಬಂತು.

3. ಸಮುದ್ರತೀರದಲ್ಲಿಯೂ ತೊರೆಗಳಲ್ಲಿಯೂ

ಆ ಯೌವನಸ್ಥನು ಈ ವಿದ್ಯೆಯನ್ನು ಕಲಿತದ್ದು ಕಡಲತೀರದಲ್ಲಿ. ಲೋಕದ ಅನೇಕ ದೇಶಗಳಲ್ಲಿ ಜನರು ಬೆಳಗಿನ ಹೊತ್ತು ಇಂಥಾ ಯಂತ್ರಗಳನ್ನು ಹಿಡಿದು, ಸ್ನಾನಕ್ಕೆ ಬಂದವರು ಕಳಕೊಂಡ ಉಂಗುರಗಳನ್ನೂ ನಾಣ್ಯಗಳನ್ನೂ ಹುಡುಕುತ್ತಾರೆ. ಸಮುದ್ರವನ್ನು ಕಾಣದ ನಮ್ಮ ವಾಚಕರಿಗೆ ಅಲ್ಲಿಯ ಕ್ರಮವು ವಿನೋದವಾಗಿ ತೋರಬಹುದು. ನೀರು ದಿನಕ್ಕೆ ಎರಡು ಸಲ ಏರಿ ಇಳಿಯುವದರಿಂದ, ಇಳಿತದ ಹೊತ್ತಿನಲ್ಲಿ ಬಯಲಾದ ಹಸಿ ಮರಳಿನಲ್ಲಿಯೂ ಮೊಣಕಾಲಿನಷ್ಟು ನೀರಿನಲ್ಲಿಯೂ ಹುಡುಕುತ್ತಾರೆ. ಬಿರುಗಾಳಿಯು ಬೀಸಿಹೋದ ಮರುದಿನ ತೆರೆಗಳು ಮೇಲಣ ಹಗುರ ಮರಳನ್ನು ಕೊಚ್ಚಿಕೊಂಡು ಹೋಗಿ ಭಾರವಾದವುಗಳನ್ನು ಹಿಂದೆ ಬಿಟ್ಟಿರುವದರಿಂದ ಅದೇ ಒಳ್ಳೇ ದಿನ. ಆದರೆ ಉಪ್ಪುನೀರು ತಾನೇ ವಿದ್ಯುತ್ತನ್ನು ಹರಿಯಗೊಡುವದರಿಂದ ಅದೂ ಲೋಹದಂತೆ ಉತ್ತರ ಕೊಡುವದು. ಆದಕಾರಣ ಅಲ್ಲಿ ಒಂದು ಮಿಡಿತವನ್ನು ಕಳುಹಿಸಿ, ನಿಲ್ಲಿಸಿ, ಆ ಮೇಲೆ ಕೇಳುವ ಬೇರೆ ವಿಧದ ಯಂತ್ರಗಳನ್ನು ಉಪಯೋಗಿಸುತ್ತಾರೆ. ನಮ್ಮ ಹಳ್ಳದಲ್ಲಿ ಉಪ್ಪಿನ ತೊಂದರೆಯಿಲ್ಲ, ಕರೀ ಉಸುಬಿನ ತೊಂದರೆಯುಂಟು, ಅಷ್ಟೇ ಭೇದ.

ಯಂತ್ರವಿಲ್ಲದ ಕಾಲದಲ್ಲಿಯೂ ನಮ್ಮ ನಾಡಿನವರು ಇದೇ ನಿಯಮವನ್ನು ಬಲ್ಲವರಾಗಿದ್ದರು. ಈಗಿನ ಗದಗ ಜಿಲ್ಲೆಯ ಕಪ್ಪತಗುಡ್ಡದಿಂದ ಇಳಿಯುವ ತೊರೆಗಳಲ್ಲಿ ಬಂಗಾರದ ಕಣಗಳನ್ನು ತೊಳೆದು ತೆಗೆಯುತ್ತಿದ್ದ ಜಲಗಾರರೆಂಬ ಜನರಿದ್ದರು. ಮಳೆ ಸುರಿದು ತೊರೆಯು ಇಳಿದ ಮೇಲೆ ಅವರು ಬಂಡೆಯ ಸಂದುಗಳಲ್ಲಿಯೂ ತಿರುವುಗಳಲ್ಲಿಯೂ ನಿಂತ ಮಣ್ಣನ್ನು ಎತ್ತಿ ಮರದ ಮರಿಗೆಯಲ್ಲಿ ನೀರು ಹಾಕಿ ತೂಗುವರು. ಹಗುರವಾದದ್ದು ಹೊರಗೆ ಹರಿದುಹೋಗಿ, ಕರೀ ಉಸುಬೂ ಅದರೊಳಗೆ ಒಂದೊಂದು ಹಳದಿ ಕಣವೂ ತಳದಲ್ಲಿ ಉಳಿಯುವದು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು 1874ರಲ್ಲಿ ಆ ಗುಡ್ಡಗಳ ಬಂಗಾರದ ವಿಷಯವಾಗಿ ಬರೆದನು. ಭಾರವಾದದ್ದು ಬಿದ್ದಲ್ಲಿಯೇ ಇಳಿಯುವದೆಂಬ ಮಾತನ್ನು ಆ ಬಡ ಜನರು ಪುಸ್ತಕವಿಲ್ಲದೆ ತಿಳಿದಿದ್ದರು; ನಾವು ಪುಸ್ತಕವಿದ್ದೂ ಮರೆತೆವು.

4. ತಾಮ್ರದ ಕಾಸು, ಮತ್ತು ನಮ್ಮ ತಪ್ಪು

ಬೆಂಡೋಲೆಯು ಸಿಕ್ಕಿದ ಮೇಲೆ ಮನೆಗೆ ಹೋಗಿದ್ದರೆ ಈ ಪಾಠವು ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಹುಡುಗರು, "ಇನ್ನೂ ಹೊತ್ತಿದೆ, ಆ ಕಟ್ಟೆಯ ಬಳಿಯಲ್ಲಿ ಒಂದು ಸಲ ನೋಡೋಣ" ಎಂದು ಬೇಡಿಕೊಂಡರು. ದಂಡೆಯ ಮೇಲೆ ಒಂದು ಹಾಳುಬಿದ್ದ ಕಲ್ಲುಕಟ್ಟೆಯೂ ಅದರ ಪಕ್ಕದಲ್ಲಿ ಒಂದು ವೀರಗಲ್ಲೂ ಇದ್ದವು. ಅಲ್ಲಿ ಹುಡುಕುವದು ಬೇಡವೆಂದು ಆ ಯೌವನಸ್ಥನು ಹೇಳಿದನು. ನಾವು ಹುಡುಗರ ಪಕ್ಷವನ್ನು ಹಿಡಿದೆವು. ಕಟ್ಟೆಯ ಬುಡದಲ್ಲಿ ನಾಲ್ಕು ಬೆರಳಿನ ಆಳದಲ್ಲಿ ಹಸುರು ಕಿಲುಬು ಹಿಡಿದ ಒಂದು ದಪ್ಪ ತಾಮ್ರದ ಕಾಸು ಸಿಕ್ಕಿತು. ಒಂದು ಮಗ್ಗುಲಲ್ಲಿ ಅರಬ್ಬೀ ಅಕ್ಷರಗಳ ಗುರುತಿತ್ತು. ಕಲಬುರಗಿಯು 1347ರಿಂದ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದದ್ದನ್ನು ನೆನಸಿದರೆ ಅಂಥಾ ಕಾಸು ಈ ಸೀಮೆಯಲ್ಲಿ ದೊರೆಯುವದು ಆಶ್ಚರ್ಯವಲ್ಲ. ತಾಮ್ರದ ಬೆಲೆಯಲ್ಲಿ ಅದು ಒಂದು ಲೋಟ ಚಹಕ್ಕೂ ಸಾಲದು.

ಆದರೆ ಹುಡುಗನೊಬ್ಬನು "ನಿಧಿ!" ಎಂದು ಕೂಗಿದನು. ಅವನನ್ನು ಸುಮ್ಮನಿರಿಸುವ ಬದಲಾಗಿ ನಾವು ನಗುತ್ತಾ ಆ ಕಾಸನ್ನು ಕೈಯಿಂದ ಕೈಗೆ ದಾಟಿಸಿದೆವು. ಸಂಜೆ ಅಂಗಡಿಯ ಮುಂದೆಯೂ ತೋರಿಸಿದೆವು. ಸಾಮ್ಯದ ಹೆಂಗಸು ನೆರೆಯವರನ್ನು ಕರೆದು ಸಂತೋಷಪಟ್ಟದ್ದು ತನ್ನ ಸ್ವಂತ ನಾಣ್ಯವು ಸಿಕ್ಕಿದ್ದಕ್ಕಾಗಿ. ನಾವು ನೆರೆಯವರನ್ನು ಕರೆದದ್ದು ನಮ್ಮದಲ್ಲದ ಕಾಸಿಗಾಗಿ. ಒಂದು ಕಾಸು ರಾತ್ರಿಯೊಳಗೆ ಹತ್ತಾಯಿತು, ಮರುದಿನ ಒಂದು ಗಡಿಗೆಯಾಯಿತು, ತಾಮ್ರವು ಬಂಗಾರವಾಯಿತು.

ಮೂರನೆಯ ದಿನದ ಬೆಳಿಗ್ಗೆ ನೋಡಿದರೆ ಕಟ್ಟೆಯ ಬುಡದಲ್ಲಿ ಆಳಾದ ಗುಂಡಿ. ವೀರಗಲ್ಲನ್ನು ಕಿತ್ತು ಕೆಡವಿದ್ದರು. ಅದು ಅಡ್ಡಲಾಗಿ ಒಡೆದು ಎರಡು ತುಂಡಾಗಿತ್ತು. ಮೇಲಣ ಚಿತ್ರದಲ್ಲಿ ಕತ್ತಿ ಹಿಡಿದ ವೀರನು ಉಳಿದಿದ್ದನು. ಅವನ ಕೆಳಗೆ ಹಳೆಗನ್ನಡದಲ್ಲಿ ಕೆತ್ತಿದ್ದ ಸಾಲುಗಳು ಹಾರೆಯ ಪೆಟ್ಟಿಗೆ ಪುಡಿಯಾಗಿದ್ದವು. ಗುಂಡಿಯಲ್ಲಿ ಯಾರಿಗೂ ಏನೂ ಸಿಕ್ಕಿರಲಿಲ್ಲವೆಂದು ತೋರುತ್ತದೆ. ಇಂಥಾ ಕೆಲಸವನ್ನು ಮಾಡಿದವರು ಯಾರೆಂದು ನಮಗೆ ತಿಳಿಯದು. ಆದರೆ ಅವರಿಗೆ ದಾರಿ ತೋರಿಸಿದವರು ಯಾರೆಂಬದು ಚೆನ್ನಾಗಿ ತಿಳಿದಿದೆ.

ನಾವು ಇಪ್ಪತ್ತು ವರ್ಷಗಳಿಂದ ಆ ಕಲ್ಲಿನ ಮುಂದೆ ನಡೆದಾಡಿದವರು. ಬರಹವನ್ನು ಬಲ್ಲವರನ್ನು ಒಮ್ಮೆಯಾದರೂ ಕರೆದು ತೋರಿಸಲಿಲ್ಲ. ಶಾಸನಗಳನ್ನು ಓದುವವರು ಹಸಿ ಕಾಗದವನ್ನು ಕಲ್ಲಿನ ಮೇಲೆ ಕುಂಚದಿಂದ ಒತ್ತಿ, ಮಸಿಯನ್ನು ತಟ್ಟಿ, ಅಕ್ಷರಗಳ ಅಚ್ಚನ್ನು ತೆಗೆದುಕೊಳ್ಳುತ್ತಾರೆ. ಒಂದು ಗಂಟೆಯ ಕೆಲಸ. ಅದು ಆಗಿದ್ದರೆ ಕಲ್ಲು ಒಡೆದರೂ ಮಾತು ಉಳಿಯುತ್ತಿತ್ತು. ಈಗ ಆ ವೀರನ ಹೆಸರು ಏನು, ಅವನು ದನಗಳನ್ನು ಬಿಡಿಸಲು ಸತ್ತನೋ ಊರನ್ನು ಕಾಯಲು ಸತ್ತನೋ, ಯಾವ ಅರಸನ ಕಾಲದವನೋ, ಯಾರೂ ಹೇಳಲಾರರು.

5. ಮಣ್ಣಿನೊಳಗಣ ಸಾಕ್ಷಿ

ಒಂದು ಹಳೇ ವಸ್ತುವಿನ ಬೆಲೆಯು ಅದರ ಲೋಹದಲ್ಲಿ ಇರುವದಕ್ಕಿಂತ ಅದು ಬಿದ್ದಿದ್ದ ಸ್ಥಳದಲ್ಲಿ ಹೆಚ್ಚಾಗಿ ಇರುವದೆಂಬದೇ ಈ ಪಾಠದ ಮುಖ್ಯ ಮಾತು. ಸಾಕ್ಷಿಗಾರನು ತಾನು ನಿಂತು ಕಂಡ ಸ್ಥಳವನ್ನು ಹೇಳಲಾರದೆಹೋದರೆ ನ್ಯಾಯಸ್ಥಾನದಲ್ಲಿ ಅವನ ಮಾತಿಗೆ ಬೆಲೆಯಿಲ್ಲ. ಅದರಂತೆಯೇ ಯಾವ ಆಳದಲ್ಲಿ, ಯಾವ ಮಡಕೆಯ ಚೂರಿನ ಪಕ್ಕದಲ್ಲಿ, ಯಾವ ಗೋಡೆಯ ಬುಡದಲ್ಲಿ ಇತ್ತೆಂದು ತಿಳಿಯದ ಕಾಸು ಮೂಕ ಸಾಕ್ಷಿ. ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ ಇದಕ್ಕೆ ಎರಡು ದೊಡ್ಡ ದೃಷ್ಟಾಂತಗಳುಂಟು.

ಮೊದಲನೆಯದು ರಾಯಚೂರು ಜಿಲ್ಲೆಯ ಮಸ್ಕಿ. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನು ಬಂಗಾರದ ನೆಲವನ್ನು ಹುಡುಕುತ್ತಾ ಆ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ ಬಂಡೆಯ ಮೇಲೆ ಕೆತ್ತಿದ ಅಕ್ಷರಗಳನ್ನು ಕಂಡನು. ತನಗೆ ಬೇಕಾದದ್ದು ಬಂಗಾರ, ಬರಹದಿಂದ ತನಗೇನು ಎಂದು ಅವನು ಮುಂದೆ ಹೋಗಲಿಲ್ಲ, ತಿಳಿದವರಿಗೆ ತಿಳಿಸಿದನು. ಅದು ಅಶೋಕ ಚಕ್ರವರ್ತಿಯ ಶಾಸನವಾಗಿತ್ತು. ಆ ವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ಕಾಣಿಸಿಕೊಂಡಿದ್ದನು. ಆ ಅರಸನೇ ಅಶೋಕನೆಂದು ಮಸ್ಕಿಯ ಬಂಡೆಯು ಅವನ ಹೆಸರನ್ನು ಹೇಳಿ ತಿಳಿಸಿತು. ಬಂಗಾರವನ್ನು ಹುಡುಕುವವನಿಗೆ ಬಂಗಾರಕ್ಕಿಂತ ಬೆಲೆಯುಳ್ಳದ್ದು ಸಿಕ್ಕಿತು. ಯಾಕಂದರೆ ಅವನು ನಿಂತು ನೋಡಿದನು, ಹಾರೆಯನ್ನು ಎತ್ತಲಿಲ್ಲ.

ಎರಡನೆಯದು ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೇ ಭೀಮಾನದಿಯ ದಂಡೆಯಲ್ಲಿರುವ ಸನ್ನತಿ. 1980ರ ದಶಕದಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿರುವ ಕಾಳಿಯ ಗುಡಿಯ ಮಾಳಿಗೆಯು ಕುಸಿಯಿತು. ಆಗ ವಿಗ್ರಹದ ಪೀಠಕ್ಕೆ ಹಾಕಿದ್ದ ಹಾಸುಗಲ್ಲಿನ ಮೇಲೆ ಅಶೋಕನ ಶಾಸನಗಳು ಇದ್ದದ್ದು ಬೆಳಕಿಗೆ ಬಂತು. ಎಂದೋ ಒಬ್ಬ ಕಲ್ಲುಕುಟಿಗನು ಪೀಠವನ್ನು ಕೂಡಿಸುವದಕ್ಕಾಗಿ ಆ ಕಲ್ಲಿನ ನಡುವೆ ತೂತನ್ನು ಕೊರೆದಿದ್ದರಿಂದ ಕೆಲವು ಅಕ್ಷರಗಳು ಎಂದೆಂದಿಗೂ ನಷ್ಟವಾದವು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಬೌದ್ಧ ಸ್ತೂಪದ ಅವಶೇಷಗಳೂ, ಅಶೋಕರಾಯನೆಂದು ಹೆಸರು ಬರೆದ ಅರಸನ ಚಿತ್ರವುಳ್ಳ ಕಲ್ಲೂ, ಶಾತವಾಹನ ಅರಸರ ನಾಣ್ಯಗಳೂ ದೊರಕಿದವು. ಶಾತವಾಹನರ ನಾಣ್ಯಗಳಲ್ಲಿ ಅನೇಕವು ಬರೇ ಸೀಸದವು. ನಿಧಿಗಳ್ಳನ ಕೈಗೆ ಅವು ಸಿಕ್ಕಿದ್ದರೆ ಕಸದೊಂದಿಗೆ ಎಸೆಯುತ್ತಿದ್ದನು. ಪದರ ಪದರವಾಗಿ ಮಣ್ಣನ್ನು ತೆಗೆದು, ಪ್ರತಿಯೊಂದರ ಸ್ಥಳವನ್ನು ಬರೆದಿಟ್ಟವರ ಕೈಯಲ್ಲಿ ಅಂಥಾ ಸೀಸವೇ ಅರಸರ ಕಾಲವನ್ನು ತಿಳಿಸುವ ಸಾಕ್ಷಿಯಾಗುವದು.

6. ಕಾಯಿದೆಯು ಹೇಳುವದೇನು?

ನೆಲದಲ್ಲಿ ಸಿಕ್ಕಿದ್ದನ್ನು ಸರಕಾರಕ್ಕೆ ತಿಳಿಸಿದರೆ ಎಲ್ಲವೂ ಹೋಗುವದು, ಮೇಲೆ ಪೋಲೀಸರ ಕಾಟ ಬೇರೆ ಎಂಬ ಭಯವು ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಈ ಭಯದಿಂದಲೇ ಬಾವಿ ತೋಡುವಾಗ ಸಿಕ್ಕಿದ ನಾಣ್ಯಗಳು ರಾತ್ರೋರಾತ್ರಿ ಅಕ್ಕಸಾಲಿಗನ ಮೂಸೆಗೆ ಸೇರುತ್ತವೆ. ಆದಕಾರಣ ಕಾಯಿದೆಯ ಮಾತನ್ನು ಸ್ಪಷ್ಟವಾಗಿ ತಿಳಿಯಿರಿ.

1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯು ಸಿಕ್ಕಿದವನು ಅದರ ವಿವರವನ್ನೂ ಸ್ಥಳವನ್ನೂ ದಿನವನ್ನೂ ಬರೆದು ಜಿಲ್ಲೆಯ ಕಲೆಕ್ಟರರಿಗೆ ತಿಳಿಸತಕ್ಕದ್ದು. ಯಜಮಾನನು ಯಾರೂ ಇಲ್ಲವೆಂದು ತೀರ್ಮಾನವಾಗಿ, ಸಿಕ್ಕಿದವನಿಗೂ ನೆಲದ ಒಡೆಯನಿಗೂ ಬೇರೆ ಒಪ್ಪಂದವಿಲ್ಲದಿದ್ದರೆ, ಸಿಕ್ಕಿದವನಿಗೆ ನಾಲ್ಕರಲ್ಲಿ ಮೂರು ಪಾಲು, ಒಡೆಯನಿಗೆ ಒಂದು ಪಾಲು. ಸರಕಾರವು ತಾನೇ ಅದನ್ನು ಇಟ್ಟುಕೊಳ್ಳಲು ಬಯಸಿದರೆ ಲೋಹದ ಬೆಲೆಯನ್ನೂ ಅದರ ಮೇಲೆ ಐದರಲ್ಲಿ ಒಂದು ಪಾಲನ್ನೂ ಕೊಡಬೇಕು. ತಿಳಿಸದೆ ಬಚ್ಚಿಟ್ಟವನು ತನ್ನ ಪಾಲನ್ನು ಕಳಕೊಳ್ಳುವದಲ್ಲದೆ ಶಿಕ್ಷೆಗೂ ಒಳಗಾಗುವನು. ನಮ್ಮ ರಾಜ್ಯಕ್ಕೆ 1962ರಲ್ಲಿ ಪ್ರತ್ಯೇಕವಾದ ನಿಧಿ ಕಾಯಿದೆಯು ಆಯಿತು. ಅಧಿಕಾರಿಗಳಿಗೆ ತಿಳಿಸಬೇಕೆಂಬದೇ ಇಂಥಾ ಕಾಯಿದೆಗಳ ಮೂಲ.

ಸಂರಕ್ಷಿತ ಸ್ಮಾರಕಗಳ ವಿಷಯವಾಗಿ 1958ರ ಕೇಂದ್ರ ಕಾಯಿದೆಯುಂಟು. ಅಪ್ಪಣೆಯಿಲ್ಲದೆ ಸಂರಕ್ಷಿತ ಸ್ಥಳದಲ್ಲಿ ಅಗೆಯುವದು ಅಪರಾಧ. ಇನ್ನು ಅಂಜನ ಹಾಕಿ, ಪೂಜೆ ಮಾಡಿ, ಬಲಿ ಕೊಟ್ಟು ನಿಧಿಯನ್ನು ಎಬ್ಬಿಸುವೆವೆಂದು ಹೇಳುವವರ ಮಾತಿಗೆ ಕಿವಿಗೊಡಲೇಬಾರದು. ನಿಧಿಯ ಆಶೆಯಿಂದ ಅಮಾನುಷ ಕೃತ್ಯಗಳನ್ನು ನಡಿಸುವದನ್ನು ಕರ್ನಾಟಕವು 2017ರಲ್ಲಿ ಮಾಡಿದ ಕಾಯಿದೆಯಿಂದ ನಿಷೇಧಿಸಿದೆ.

ಇಲ್ಲಿ ಒಬ್ಬ ಯೌವನಸ್ಥನು ನಮ್ಮನ್ನು ಕೇಳಿದ ಪ್ರಶ್ನೆಯನ್ನು ಹೇಳದೆ ಬಿಡಲಾರೆವು. "ಮತ್ತಾಯನ ಸುವಾರ್ತೆಯಲ್ಲಿ ಹೊಲದಲ್ಲಿ ನಿಧಿಯನ್ನು ಕಂಡವನು ಅದನ್ನು ಮುಚ್ಚಿಟ್ಟು, ತನ್ನದೆಲ್ಲವನ್ನೂ ಮಾರಿ, ಆ ಹೊಲವನ್ನು ಕೊಂಡನಲ್ಲಾ, ಹಾಗಾದರೆ ಮುಚ್ಚಿಡುವದು ತಪ್ಪೋ?" ಎಂದು ಅವನು ಕೇಳಿದನು. ಆ ಸಾಮ್ಯವು ಪರಲೋಕರಾಜ್ಯದ ಬೆಲೆಯನ್ನು ತಿಳಿಸುವದಕ್ಕಾಗಿ ಹೇಳಿದ್ದೇ ಹೊರತು ನಿಧಿ ಸಿಕ್ಕಿದವರಿಗೆ ಕೊಟ್ಟ ನಿಯಮವಲ್ಲ. ಅಲ್ಲದೆ ಆ ಮನುಷ್ಯನು ಹೊಲಕ್ಕಾಗಿ ತನ್ನದೆಲ್ಲವನ್ನೂ ಕೊಟ್ಟನು. ರಾತ್ರಿಯಲ್ಲಿ ಹಾರೆ ಹಿಡಿದು ಹೋಗುವವನು ಏನನ್ನು ಕೊಟ್ಟಿದ್ದಾನೆ?

7. ನಾವು ಮಾಡತಕ್ಕದ್ದೇನು?

ಮೊದಲನೆಯದು: ಹೊಲ ಹೊಡೆಯುವಾಗಲಾಗಲಿ ಬಾವಿ ತೋಡುವಾಗಲಾಗಲಿ ಹಳೇ ವಸ್ತು ಸಿಕ್ಕಿದರೆ ಅಲ್ಲಿಯೇ ಕೆಲಸವನ್ನು ನಿಲ್ಲಿಸಿರಿ. ಸುತ್ತಲೂ ಕೆದಕಬೇಡಿರಿ. ಸ್ಥಳಕ್ಕೆ ಒಂದು ಗೂಟದ ಗುರುತನ್ನು ಇಡಿರಿ, ಆಳವನ್ನು ಅಳೆದು ಬರೆದುಕೊಳ್ಳಿರಿ, ಇದ್ದ ಹಾಗೆಯೇ ಚಿತ್ರವನ್ನು ತೆಗೆದುಕೊಳ್ಳಿರಿ.

ಎರಡನೆಯದು: ತಾಮ್ರದ ಕಾಸನ್ನು ಹುಣಿಸೇಹಣ್ಣಿನಿಂದಲಾಗಲಿ ಬೂದಿಯಿಂದಲಾಗಲಿ ಉಜ್ಜಬೇಡಿರಿ. ಹಸುರು ಕಿಲುಬಿನೊಂದಿಗೆ ಅಕ್ಷರಗಳೂ ಹೋಗುವವು.

ಮೂರನೆಯದು: ಅಂಗಡಿಯ ಮುಂದೆ ತೋರಿಸಬೇಡಿರಿ. ಇಬ್ಬರು ನಂಬಿಗಸ್ತ ಹಿರಿಯರನ್ನು ಕರಕೊಂಡು ತಾಲೂಕು ಕಚೇರಿಗೆ ಹೋಗಿ, ಬರವಣಿಗೆಯಲ್ಲಿ ತಿಳಿಸಿ, ರಸೀದಿಯನ್ನು ಪಡೆಯಿರಿ. ಕಲಬುರಗಿಯಲ್ಲಿ ಸರಕಾರಿ ವಸ್ತುಸಂಗ್ರಹಾಲಯವುಂಟು. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರಕೊಂಡು ಹೋಗಿ, ಇಂಥಾ ವಸ್ತುಗಳಿಗೆ ತಕ್ಕ ಸ್ಥಳವು ಯಾವದೆಂಬದನ್ನು ತೋರಿಸಿರಿ.

ನಾಲ್ಕನೆಯದು: ನಿಮ್ಮ ಊರಿನ ವೀರಗಲ್ಲುಗಳ, ಹಳೇ ಗುಡಿಗೋರಿಗಳ, ಬರಹವುಳ್ಳ ಕಲ್ಲುಗಳ ಚಿತ್ರವನ್ನು ಈ ತಿಂಗಳಲ್ಲಿಯೇ ತೆಗೆದಿಡಿರಿ. ನಾಳೆ ಎನ್ನಬೇಡಿರಿ. ನಾವು ಇಪ್ಪತ್ತು ವರ್ಷ ನಾಳೆ ಎಂದೆವು.

ನಾವು ಆ ತಾಮ್ರದ ಕಾಸನ್ನು ಬರವಣಿಗೆಯೊಂದಿಗೆ ತಾಲೂಕು ಕಚೇರಿಗೆ ಒಪ್ಪಿಸಿದೆವು. ಸಿಕ್ಕಿದ ಸ್ಥಳವನ್ನು ಬರೆಯುವಾಗ, ಅದು ಈಗ ಬರೇ ಒಂದು ಗುಂಡಿಯೆಂದೂ ಬರೆಯಬೇಕಾಯಿತು. ವೀರಗಲ್ಲಿನ ಎರಡು ತುಂಡುಗಳನ್ನೂ ಊರವರು ಸೇರಿ ಮೊದಲಿನ ಸ್ಥಳದಲ್ಲಿ ಒಂದರ ಮೇಲೊಂದು ನಿಲ್ಲಿಸಿದ್ದಾರೆ. ಗುಂಡಿಯನ್ನು ಮುಚ್ಚುವ ದಿನ ಆ ವಿಧವೆಯು ತಾನೂ ಬುಟ್ಟಿ ಹಿಡಿದು ಬಂದಿದ್ದಳು. "ನನ್ನ ಓಲೆ ನೀರಿನಲ್ಲಿಯೇ ಉಳಿದಿದ್ದರೆ ಈ ಕಲ್ಲು ಉಳಿಯುತ್ತಿತ್ತಲ್ಲಾ" ಎಂದು ಆಕೆಯು ಹೇಳಿದಳು. ಆ ಯೌವನಸ್ಥನು, "ಇಲ್ಲ ಅತ್ತೇ, ನೀವು ನಿಮ್ಮದನ್ನು ಹುಡುಕಿದಿರಿ. ತಪ್ಪು ಅದರ ಆಚೆಗೆ ಪ್ರಾರಂಭವಾಯಿತು" ಎಂದನು. ನಮಗೆ ಅದಕ್ಕಿಂತ ಒಳ್ಳೇ ಉತ್ತರವು ಹೊಳೆಯಲಿಲ್ಲ.

ಆಲೋಚಿಸತಕ್ಕ ಪ್ರಶ್ನೆಗಳು

1. ಬೆಂಡೋಲೆಯು ಹರಿಯುವ ನೀರಿನಲ್ಲಿಯೂ ಬಿದ್ದ ಸ್ಥಳವನ್ನು ಬಿಟ್ಟು ದೂರ ಹೋಗದೆ ಇದ್ದದ್ದು ಯಾಕೆ?

2. ಸೂಜಿಗಲ್ಲಿಗೂ ಲೋಹಶೋಧಕ ಯಂತ್ರಕ್ಕೂ ಇರುವ ಭೇದವೇನು?

3. ಗಾರ್ಫೀಲ್ಡನ ವೈದ್ಯನ ತಪ್ಪಿಗೂ ಹಳ್ಳದಲ್ಲಿ ನಾವು ಬೆಳಿಗ್ಗೆ ಮಾಡಿದ ತಪ್ಪಿಗೂ ಇರುವ ಹೋಲಿಕೆ ಯಾವದು?

4. ಬೀಡನನು ಮಸ್ಕಿಯ ಬಂಡೆಯನ್ನು ಕಂಡಾಗ ಮಾಡಿದ್ದೇನು? ನಾವು ತಾಮ್ರದ ಕಾಸನ್ನು ಕಂಡಾಗ ಮಾಡಿದ್ದೇನು?

5. ನಿಮ್ಮ ಊರಿನಲ್ಲಿ ಬರಹವುಳ್ಳ ಕಲ್ಲುಗಳು ಎಷ್ಟು? ಅವುಗಳಲ್ಲಿ ಎಷ್ಟರ ಚಿತ್ರವು ನಿಮ್ಮಲ್ಲಿದೆ?